ಇನ್ನೂ ಹುಟ್ಟದ ಮಗುವಿಗೆ ಒಂದು ಜಾಗ

ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಬಲೂನಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದ ಗುಮಾಸ್ತನೊಬ್ಬ ಅದೇ ಆಕೆಯ ಹೆಸರೆಂದು ನಂಬಿ ಹಾಜರಿ ಪುಸ್ತಕದಲ್ಲೂ ಹಾಗೇ ಬರೆದುಬಿಟ್ಟಿದ್ದ. ಹವಾಮಾನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷದಿಂದ, ನಡುವೆ ಎರಡು ವರ್ಷ ಬಿಟ್ಟರೆ, ಆಕೆಯ ಕೆಲಸ ಒಂದೇ: ದಿನಾ ಬೆಳಕು ಹರಿಯುವ ಮುಂಚೆ ಒಂದು ದೊಡ್ಡ ಬಿಳಿ ಬಲೂನನ್ನು ಆಕಾಶಕ್ಕೆ ಬಿಡುವುದು.

ಕೇಳಿದವರಿಗೆ ಇದು ಮಕ್ಕಳಾಟದಂತೆ ಕಾಣುತ್ತಿತ್ತು. ಆಕೆಯೂ ತಿದ್ದಲು ಹೋಗುತ್ತಿರಲಿಲ್ಲ. ಬಲೂನಿನ ರಬ್ಬರು ಹಾಲಿನ ಕೆನೆಯಷ್ಟು ತೆಳು. ಉಗುರು ತಾಗಿದರೆ ಕೆಟ್ಟಿತು. ಇಲ್ಲಿ ಕಣ್ಣಿಗೇ ಬೀಳದ ಗೀರು ಮೇಲೆ ಹೋಗಿ ಸೀಳು ಬಿಡುತ್ತದೆ. ಆದ್ದರಿಂದ ಹತ್ತಿಯ ಕೈಗವಸು ತೊಟ್ಟೇ ಮುಟ್ಟಬೇಕು. ಗ್ಯಾಸ್ ತುಂಬುವ ಕೊಠಡಿಯಲ್ಲಿ ಒಂದು ಕಿಡಿಯೂ ಹಾರುವಂತಿಲ್ಲ, ನೈಲಾನ್ ಬಟ್ಟೆ ಹಾಕಿದವರು ಹೊಸ್ತಿಲ ಹೊರಗೆ. ಅರ್ಧ ಗಂಟೆ ನಿಧಾನವಾಗಿ ತುಂಬಿ, ಕತ್ತು ಬಿಗಿದು, ಉದ್ದನೆಯ ದಾರದ ತುದಿಗೆ ಶಾಖ, ತೇವ, ಒತ್ತಡ ಅಳೆದು ಕೆಳಗೆ ತಿಳಿಸುವ ಪುಟ್ಟ ಡಬ್ಬಿ ಕಟ್ಟಿ, ಎರಡಾಳೆತ್ತರದ ಬಾಗಿಲಿಂದ ಅಂಗಳಕ್ಕೆ ತರಬೇಕು. ಗಾಳಿ ಯಾವ ಕಡೆಯದೆಂದು ಕೆನ್ನೆಗೆ ತಿಳಿಯುತ್ತದೆ. ಆಮೇಲೆ ಕೈಬಿಡುವುದು. ಬಲೂನು ಮೇಲೇರಿ, ಏರುತ್ತ ಏರುತ್ತ ಊದಿಕೊಂಡು, ಒಂದು ಮನೆಯಷ್ಟಾಗಿ, ಯಾರಿಗೂ ಕೇಳಿಸದಷ್ಟು ಎತ್ತರದಲ್ಲಿ ಒಡೆಯುತ್ತದೆ. ಅಲ್ಲಿಯವರೆಗೂ ಆಕೆ ಅಂಕಿಗಳನ್ನು ಬರೆದುಕೊಳ್ಳುತ್ತ, ನಡುನಡುವೆ ಕಿಟಕಿಯಾಚೆ ನೋಡುತ್ತ, ಅರ್ಧ ಇಲ್ಲಿ ಅರ್ಧ ಅಲ್ಲಿ ಇರುತ್ತಿದ್ದಳು. ಮನೆಗೆ ಬಂದ ಮೇಲೂ ಆ ಗುಂಗು ಇಳಿಯಲು ಹೊತ್ತು ಹಿಡಿಯುತ್ತಿತ್ತು. ಟೀಗೆ ಸಕ್ಕರೆ ಎರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ಗಂಡ ಬದುಕಿದ್ದಾಗ, ಇವಳು ಇನ್ನೂ ಕೆಳಗೆ ಇಳಿದಿಲ್ಲ ಎಂದು ನಗುತ್ತಿದ್ದರು.

ಈಗ ಮನೆಯಲ್ಲಿ ಮೂವರು. ಆಕೆ, ಲಿಫ್ಟ್ ರಿಪೇರಿ ಮಾಡುವ ಮಗ, ಹಲ್ಲಿನ ಸೆಟ್ಟು ತಯಾರಿಸುವ ಕಾರ್ಯಾಗಾರದಲ್ಲಿ ಕೆಲಸ ಮಾಡುವ ಸೊಸೆ. ಸೊಸೆಯ ಬೆರಳ ಸಂದಿಯಲ್ಲಿ ಸದಾ ಒಂದಿಷ್ಟು ಗುಲಾಬಿ ಮೇಣ ಅಂಟಿರುತ್ತಿತ್ತು. ಎದುರಿಗೆ ಯಾರು ಕೂತು ಮಾತಾಡಿದರೂ ಅವರ ಮುಖ ಬಿಟ್ಟು ಹಲ್ಲನ್ನೇ ನೋಡುವುದು ಅವಳ ಅಭ್ಯಾಸ. ಮದುವೆಯಾದ ಹೊಸದರಲ್ಲಿ ಅತ್ತೆಯ ಹಲ್ಲು ನೋಡಿ, ಇವಕ್ಕೆ ಇನ್ನೂ ಇಪ್ಪತ್ತು ವರ್ಷ ಭಯವಿಲ್ಲ ಎಂದು ಹೇಳಿ ಮನೆಯವರನ್ನೆಲ್ಲ ನಗಿಸಿದ್ದಳು. ಅತ್ತೆ ಸೊಸೆ ಇಬ್ಬರೂ ಹೆಚ್ಚು ಮಾತಿನವರಲ್ಲ. ಇಬ್ಬರೂ ಕೈಯಲ್ಲಿ ನಾಜೂಕಿನ ವಸ್ತು ಹಿಡಿದು ಬದುಕುವವರು. ಅದರಿಂದಲೋ ಏನೋ, ಚೆನ್ನಾಗಿಯೇ ಹೊಂದಿಕೊಂಡಿದ್ದರು.

ಒಂದು ಸಂಜೆ ಮಗ ಸೊಸೆ ಜೊತೆಯಾಗಿ ಬಂದು ಎದುರಿಗೆ ಕೂತರು. ಸೊಸೆಗೆ ಎರಡು ತಿಂಗಳು. ಬಲೂನಕ್ಕ ಸೊಸೆಯ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಮಗ ಆಗಲೇ ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದ. ಎಣಿಸಿ ಮುಗಿಸಿದಾಗ ಅವನ ಮುಖ ಅರಳಿತು. ಮಗು ಹುಟ್ಟುವುದೂ ಅಮ್ಮ ನಿವೃತ್ತಿಯಾಗುವುದೂ ಒಂದೇ ತಿಂಗಳು.

"ಹೇಳಿ ಮಾಡಿಸಿದ ಹಾಗಿದೆ ನೋಡು," ಎಂದ ಅವನು ಹೆಂಡತಿಗೆ. "ಮಗೂನ ಯಾರು ನೋಡ್ಕೋತಾರೆ ಅನ್ನೋ ಯೋಚನೇನೇ ಇಲ್ಲ. ಅಮ್ಮ ಇದ್ದಾಳಲ್ಲ."

ಅಂದಿನಿಂದ ಆ ಮಾತು ಮನೆಯಲ್ಲಿ ಗೋಡೆಗೆ ಹೊಡೆದ ಗೂಟದಂತೆ ನಿಂತುಬಿಟ್ಟಿತು. ಫೋನು ಮಾಡಿದ ನೆಂಟರು ಹೇಳಿದರು, ಮೇಲಿನ ಮಹಡಿಯವರು ಹೇಳಿದರು, ಸೊಸೆಯ ಕಾರ್ಯಾಗಾರದ ಯಜಮಾನರು ಹೇಳಿದರು: ಅತ್ತೆ ಇದ್ದಾರಲ್ಲ, ಇನ್ನೇನು ಚಿಂತೆ. ಬಲೂನಕ್ಕನನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳುವಂಥ ವಿಷಯವೆಂದೇ ಯಾರಿಗೂ ಹೊಳೆದಿರಲಿಲ್ಲ. ಆಕೆಯೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಆದರೆ ಮರುದಿನ ಕೆಲಸ ಮುಗಿಸಿ ಬರುವಾಗ ಆಕೆ ಎರಡು ನಿಲ್ದಾಣ ಮುಂಚೆಯೇ ಬಸ್ಸಿನಿಂದ ಇಳಿದಳು. ಅಲ್ಲೊಂದು ಹಳದಿ ಗೇಟಿನ ಶಿಶುವಿಹಾರ. ಒಳಗೆ ಮಧ್ಯಾಹ್ನದ ನಿದ್ದೆಯ ಹೊತ್ತು. ಪರದೆ ಎಳೆದ ಕೋಣೆಯಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಹಾಸಿಗೆ, ಪ್ರತಿ ಹಾಸಿಗೆಯ ಕಾಲಬುಡದಲ್ಲಿ ಒಂದು ಜೊತೆ ಬೆರಳುದ್ದದ ಬೂಟು. ಉಸಿರಾಟ ಎಷ್ಟು ಸಣ್ಣದೆಂದರೆ ಕೋಣೆಯೇ ಉಸಿರಾಡುವಂತೆ ಕೇಳಿಸಿತು. ಅಲ್ಲಿನ ಮುಖ್ಯಸ್ಥೆಯನ್ನು ಟೀಚರಮ್ಮ ಎನ್ನುತ್ತಿದ್ದರು. ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡ, ಪಿಸುಮಾತಿನಲ್ಲೇ ಆಯುಷ್ಯ ಕಳೆದಂತಿದ್ದ ಹೆಂಗಸು. ಮಗುವಿನ ಹೆಸರು ಕೇಳಿದರು. ಇನ್ನೂ ಇಟ್ಟಿಲ್ಲ ಎಂದಳು ಬಲೂನಕ್ಕ. ವಯಸ್ಸು? ಇನ್ನೂ ಹುಟ್ಟಿಲ್ಲ.

ಟೀಚರಮ್ಮ ಕನ್ನಡಕ ಏರಿಸಿ ಆಕೆಯ ನರೆತ ಕೂದಲನ್ನೂ ಹೊಟ್ಟೆಯನ್ನೂ ಒಮ್ಮೆ ನೋಡಿದರು.

"ನನ್ನದಲ್ಲ," ಎಂದಳು ಬಲೂನಕ್ಕ. "ಸೊಸೇದು. ಎರಡು ತಿಂಗಳು. ಬೇಗ ಬಂದೆನಾ?"

"ಸರಿಯಾದ ಹೊತ್ತಿಗೇ ಬಂದಿದ್ದೀರಿ. ನಿಮಗಿಂತ ಮುಂದೆ ಒಂಬತ್ತು ಹೆಸರಿದೆ. ಅದರಲ್ಲಿ ನಾಲ್ಕು ಇನ್ನೂ ಹೊಟ್ಟೆಯಲ್ಲೇ ಇವೆ."

ಹೆಸರಿನ ಜಾಗ ಖಾಲಿ ಬಿಟ್ಟು, ಮನೆಯ ವಿಳಾಸವನ್ನಷ್ಟೇ ಬರೆದು, ಕಚೇರಿಯ ಫೋನ್ ನಂಬರು ಕೊಟ್ಟು ಬಲೂನಕ್ಕ ಹೊರಬಂದಳು. ಜಾಗ ಖಾತ್ರಿಯಾದಾಗ ತಂದೆತಾಯಿ ಬಂದು ಸಹಿ ಹಾಕಬೇಕು ಎಂದಿದ್ದರು. ಹೇಳಿದರಾಯಿತು, ಇವತ್ತೇ ಹೇಳಿಬಿಡುತ್ತೇನೆ ಎಂದುಕೊಂಡೇ ಮನೆಯ ಮೆಟ್ಟಿಲು ಹತ್ತಿದಳು. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ.

ಹೀಗೆ ಓಡಿಹೋಗಿ ಹೆಸರು ಬರೆಸಿದ್ದಕ್ಕೆ ಒಂದು ಹಳೆಯ ಕಾರಣವಿತ್ತು. ಮಗ ಹುಟ್ಟಿದಾಗ ಆಕೆಗೆ ಇಪ್ಪತ್ತೆಂಟು. ಗಂಡನಿಗೆ ಅಚ್ಚುಕೂಟದಲ್ಲಿ ಬೆಳಗಿನ ಪಾಳಿ. ಇಬ್ಬರೂ ಕತ್ತಲಿರುವಾಗಲೇ ಮನೆ ಬಿಡುವವರು. ಪಕ್ಕದ ಮನೆಯ ಹೆಂಗಸು, ಮಗೂನ ನನ್ನ ಕೈಗೆ ಕೊಟ್ಟು ಹೋಗಮ್ಮಾ ಎಂದು ತುಂಬು ಮನಸ್ಸಿನಿಂದ ಹೇಳಿದ್ದಳು. ಆ ಮಾತನ್ನು ನಂಬಿ ಈಕೆ ಬೇರೆ ಯಾವ ದಾರಿಯನ್ನೂ ನೋಡಲಿಲ್ಲ. ರಜೆ ಮುಗಿಯಲು ಹದಿನೈದು ದಿನವಿರುವಾಗ ಪಕ್ಕದ ಮನೆಯವರಿಗೆ ಬೇರೆ ಊರಿಗೆ ವರ್ಗವಾಯಿತು. ಬಟ್ಟೆ ಗಿರಣಿಯ ಹೆಂಗಸರಿಗೆಂದು ಬೆಳಗ್ಗೆ ಐದಕ್ಕೇ ತೆರೆಯುವ ಶಿಶುವಿಹಾರವೊಂದು ಆಗ ಇತ್ತು. ಕೂಸನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಓಡಿದಳು. ಹೊಟ್ಟೆ ಕಾಣುವ ಮುಂಚೆಯೇ ಬರಬೇಕಿತ್ತಮ್ಮಾ ಎಂದು ಅಲ್ಲಿನವರು ಕೈಚೆಲ್ಲಿದರು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಆಕೆ ಮಗುವನ್ನು ಕಚೇರಿಗೇ ಒಯ್ದಳು. ಬಲೂನುಗಳನ್ನು ಇಟ್ಟು ಕಳಿಸುವ ರಟ್ಟಿನ ಪೆಟ್ಟಿಗೆ ಅಗಲವಾಗಿರುತ್ತದೆ. ಅದರೊಳಗೆ ಹತ್ತಿ ಹಾಸಿ, ಕಡತದ ಕೋಣೆಯಲ್ಲಿ ಎರಡು ಬೀರುಗಳ ನಡುವೆ ಇಟ್ಟಳು. ಹನ್ನೊಂದು ದಿನ ನಡೆಯಿತು. ಗ್ಯಾಸ್ ತುಂಬುವಾಗ ಕೈ ಇಲ್ಲಿ, ಕಿವಿ ಅಲ್ಲಿ. ಹನ್ನೆರಡನೆಯ ದಿನ ದೊಡ್ಡ ಸಾಹೇಬರು ಯಾವುದೋ ಹಳೆಯ ಕಡತ ಹುಡುಕಿಕೊಂಡು ಒಳಗೆ ಹೋದವರು, ಪೆಟ್ಟಿಗೆಯೊಳಗಿಂದ ತಮ್ಮನ್ನೇ ನೋಡುತ್ತಿದ್ದ ಎರಡು ಕಣ್ಣು ಕಂಡು ಹಾಗೇ ನಿಂತರಂತೆ. ಅವರು ರೇಗಲಿಲ್ಲ. ಗ್ಯಾಸ್ ಇರುವ ಕಟ್ಟಡದಲ್ಲಿ ಕೂಸು ಇರಕೂಡದು ಎಂದಷ್ಟೇ ಹೇಳಿ, ಆಕೆಯನ್ನು ಬಲೂನಿನಿಂದ ಬಿಡಿಸಿ, ಕೂಸನ್ನು ಪಕ್ಕದಲ್ಲೇ ಇಟ್ಟುಕೊಳ್ಳಬಹುದಾದ ನಗರದ ನಡುವಿನ ಕಚೇರಿಗೆ, ಹಗಲಿನ ನಕಲು ಕೆಲಸಕ್ಕೆ ಹಾಕಿದರು. ಎರಡು ವರ್ಷ ಆಕೆ ಬೇರೆಯವರು ಅಳೆದ ಮಳೆಯನ್ನು ಹಾಳೆಯಿಂದ ಹಾಳೆಗೆ ಇಳಿಸಿದಳು. ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ತರಬೇತಿಗೆ ಹೋಗುವ ಸರದಿ ಆಕೆಯದಿತ್ತು. ಅದು ಇನ್ನೊಬ್ಬರಿಗೆ ಹೋಯಿತು. ಮೋಡಗಳು ಕಾಲಕೆಳಗೆ ಹಾಯುವ ಆ ಜಾಗವನ್ನು ಆಕೆ ಇಂದಿಗೂ ನೋಡಿಲ್ಲ. ಇದನ್ನೆಲ್ಲ ಮಗನಿಗೆ ಹೇಳಿರಲಿಲ್ಲ. ಮಗನಿಗೆ ಹೇಳುವಂಥದ್ದು ಅನಿಸಿರಲಿಲ್ಲ.

ಇದಿಷ್ಟೇ ಆಗಿದ್ದರೆ ಹೇಳುವುದು ಕಷ್ಟವಿರಲಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆಯೇ. ಕೂಸಿನ ಗಡಿಬಿಡಿಯಲ್ಲೇ ಕಳೆದುಹೋದ ಆ ಎರಡು ವರ್ಷ ಬಿಟ್ಟರೆ, ಮೂವತ್ತನಾಲ್ಕು ವರ್ಷದಲ್ಲಿ ಆಕೆ ತನ್ನ ಮನೆಯ ಬೆಳಗನ್ನು ನೋಡಿರಲಿಲ್ಲ. ನಾಲ್ಕೂವರೆಗೆ ಹೊರಟು ಎರಡಕ್ಕೆ ಬರುವವಳು. ರಜೆಯ ದಿನ ಪರದೆ ಎಳೆದು ಮಧ್ಯಾಹ್ನದವರೆಗೆ ಹೆಣದಂತೆ ಮಲಗುವವಳು. ಏಳು ಗಂಟೆಯ ಬಿಸಿಲು ಮೊದಲು ಯಾವ ಗೋಡೆಗೆ ಬೀಳುತ್ತದೆ, ಎಂಟು ಗಂಟೆಗೆ ಬೀದಿ ಹೇಗೆ ಸದ್ದು ಮಾಡುತ್ತದೆ, ಆಕೆಗೆ ತಿಳಿಯದು. ಮೋಡದಾಚೆಯ ಗಾಳಿ ಗೊತ್ತು, ತನ್ನ ಅಡಿಗೆಮನೆಯ ಬೆಳಗು ಗೊತ್ತಿಲ್ಲ. ನಿವೃತ್ತಿಯಾದ ಮೇಲೆ ಆ ಕೆಲವು ಗಂಟೆಗಳು ತನ್ನವಾಗಿರಲಿ ಎಂದು ಆಕೆ ಎಷ್ಟೋ ವರ್ಷದಿಂದ ಕನಸು ಕಟ್ಟಿಕೊಂಡಿದ್ದಳು. ಮೊಮ್ಮಗು ಬೇಡವೆಂದಲ್ಲ. ನೆನೆದರೆ ತೋಳೇ ಬೆಚ್ಚಗಾಗುತ್ತಿತ್ತು. ಒಂದು ಸಲ ಬಸ್ಸಿನಲ್ಲಿ ತೂಕಡಿಸುವಾಗ ಕಂಡ ಕನಸಿನಲ್ಲಿ ಕೈಯಲ್ಲಿದ್ದ ಬಲೂನು ಭಾರವಾಗಿತ್ತು, ಬೆಚ್ಚಗಿತ್ತು, ಬಿಡಬೇಕಾದ ಹೊತ್ತು ಮೀರುತ್ತಿದ್ದರೂ ಬಿಡಲು ಮನಸ್ಸಾಗುತ್ತಿರಲಿಲ್ಲ. ಎಚ್ಚರವಾದಾಗ ಇಳಿಯುವ ನಿಲ್ದಾಣ ದಾಟಿತ್ತು. ಮಗು ಬೇಕು, ಬೆಳಗೂ ಬೇಕು. ಇಂಥ ಆಸೆಯನ್ನು ಬಾಯಿಬಿಟ್ಟು ಹೇಳಿದರೆ ಎಷ್ಟು ಕ್ಷುಲ್ಲಕವಾಗಿ ಕೇಳುತ್ತದೆ ಎಂದು ನಾಚಿಕೆಯಾಗುತ್ತಿತ್ತು.

ತಿಂಗಳುಗಳು ಹೋದವು. ನಾಲ್ಕನೆಯ ತಿಂಗಳ ಹೊತ್ತಿಗೆ ಸೊಸೆ ಸ್ವಲ್ಪ ಬದಲಾದಂತೆ ಕಂಡಳು. ಮಾತು ಮೊದಲೇ ಕಡಿಮೆ, ಈಗ ಇನ್ನೂ ಕಡಿಮೆ. ಅತ್ತೆ ಕೋಣೆಗೆ ಬಂದರೆ ಏನೋ ನೆಪ ಹೇಳಿ ಎದ್ದುಹೋಗುತ್ತಿದ್ದಳು. ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಬಸುರಿಯ ಬೇಸರವಿರಬೇಕು ಎಂದುಕೊಂಡಳು ಬಲೂನಕ್ಕ. ಆರನೆಯ ತಿಂಗಳಲ್ಲಿ ಕಚೇರಿಗೆ ಟೀಚರಮ್ಮನ ಫೋನು ಬಂತು. ಜಾಗ ಸಿಕ್ಕಿದೆ, ಮಗುವಿಗೆ ಏಳು ತಿಂಗಳಾದಾಗ ಸೇರಿಸಬಹುದು, ಆದರೆ ಈ ವಾರದೊಳಗೆ ತಂದೆತಾಯಿ ಬಂದು ಸಹಿ ಮಾಡದಿದ್ದರೆ ಮುಂದಿನವರಿಗೆ ಕೊಟ್ಟುಬಿಡುತ್ತೇವೆ ಎಂದರು.

ಅಂದು ಊಟಕ್ಕೆ ಕೂತಾಗ ಹೇಳಿಯೇ ತೀರಬೇಕೆಂದು ಬಲೂನಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಮಗ ತೊಟ್ಟಿಲಿನ ಮಾತು ತೆಗೆದ. ಅಮ್ಮನ ಕೋಣೆಯಲ್ಲೇ ಹಾಕೋಣ, ಹಗಲೆಲ್ಲ ಅಮ್ಮನ ಹತ್ತಿರವೇ ತಾನೇ ಇರುವುದು ಎಂದ. ಲಿಫ್ಟಿಗೆ ಬಳಸುವಂಥ ಕೊಕ್ಕೆ ತರುತ್ತೇನೆ, ಆನೆ ಕಟ್ಟಿದರೂ ಬೀಳುವುದಿಲ್ಲ ಎಂದ. ಅವನ ಸಂಭ್ರಮ ನೋಡಿ ಆಕೆ ತೆರೆದ ಬಾಯಿಗೆ ತುತ್ತಿಟ್ಟು ಮುಚ್ಚಿಕೊಂಡಳು. ಸೊಸೆ ತಟ್ಟೆಯಿಂದ ತಲೆ ಎತ್ತಿ ಒಮ್ಮೆ ಅತ್ತೆಯ ಕಡೆ ನೋಡಿದಳು.

ಮರುದಿನ ನಾಲ್ಕೂವರೆಗೆ ಬಲೂನಕ್ಕ ಹೊರಟಾಗ ಮುಂದಿನ ಕೋಣೆಯಲ್ಲಿ ಸೊಸೆ ಬೂಟು ಹಾಕಿಕೊಂಡು ಕೂತಿದ್ದಳು.

"ಅತ್ತೆ, ಇವತ್ತು ನಾನೂ ಬರಲಾ? ನಿಮ್ಮ ಬಲೂನು ನಾನು ನೋಡೇ ಇಲ್ಲ."

ಬಸ್ಸಿನಲ್ಲಿ ಇಬ್ಬರೇ. ಬೀದಿದೀಪಗಳು ಕಿಟಕಿಯ ಮೇಲೆ ಒಂದೊಂದಾಗಿ ಹಾದುಹೋದವು. ಸೊಸೆಯ ಸ್ವೆಟರ್ ನೈಲಾನಿನದು. ಆದ್ದರಿಂದ ಅವಳನ್ನು ಅಂಗಳದಾಚೆಯ ಕಲ್ಲುಬೆಂಚಿನ ಮೇಲೆ ಕೂರಿಸಿ ಬಲೂನಕ್ಕ ಒಳಗೆ ಹೋದಳು. ಅರ್ಧ ಗಂಟೆಯ ಮೇಲೆ ಎತ್ತರದ ಬಾಗಿಲು ತೆರೆಯಿತು. ಮಸುಕು ಬೆಳಕಿನಲ್ಲಿ ಬಿಳಿಯ ದೊಡ್ಡ ದುಂಡು ಮೈ ಅಲುಗಾಡುತ್ತ ಹೊರಬಂತು, ಅದರ ಕೆಳಗೆ ಅತ್ತೆ ಗುಬ್ಬಿಯಷ್ಟು ಕಂಡಳು. ಆಕೆ ನಾಲ್ಕು ಹೆಜ್ಜೆ ನಡೆದು, ನಿಂತು, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕೈ ಬಿಟ್ಟಳು. ಸದ್ದೇ ಇಲ್ಲ. ದಾರ ಉದ್ದಕ್ಕೆ ಬಿಚ್ಚಿಕೊಂಡಿತು, ಡಬ್ಬಿ ನೆಲ ಬಿಟ್ಟಿತು. ಮೇಲೆ ಹೋದಂತೆ ಇನ್ನೂ ಹುಟ್ಟದ ಸೂರ್ಯನ ಬೆಳಕು ಅದಕ್ಕೆ ಮಾತ್ರ ತಾಗಿ, ಬಲೂನು ನಸುಗೆಂಪಾಯಿತು. ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕತ್ತು ನೋಯುವವರೆಗೂ ನೋಡಿದಳು.

ಜೊತೆಯವರಿಗೆ ಅಂಕಿ ಬರೆಯಲು ಹೇಳಿ ಬಲೂನಕ್ಕ ಎರಡು ಲೋಟ ಟೀ ಹಿಡಿದು ಬಂದು ಬೆಂಚಿನ ಮೇಲೆ ಕೂತಳು. ಸೊಸೆ ಆಕಾಶದಿಂದ ಕಣ್ಣು ಕೀಳದೆಯೇ ಮಾತಾಡಿದಳು.

"ನಾನು ಆ ಹಳದಿ ಗೇಟಿನ ಶಿಶುವಿಹಾರಕ್ಕೆ ಹೋಗಿದ್ದೆ ಅತ್ತೆ. ಎರಡು ತಿಂಗಳ ಹಿಂದೆ. ಹೆಸರು ಬರೆಸೋಣ ಅಂತ. ವಿಳಾಸ ಹೇಳಿದ್ರೆ ಅವರು ಪಟ್ಟಿ ತೋರಿಸಿದ್ರು. ಈ ಮನೆ ಮಗು ಆಗಲೇ ಇದೆಯಲ್ಲ, ಅಜ್ಜಿ ಬಂದು ಬರೆಸಿ ಹೋದ್ರು ಅಂದ್ರು."

ಬಲೂನಕ್ಕ ಲೋಟ ಕೆಳಗಿಟ್ಟಳು.

"ಮೊದಲು ತುಂಬಾ ನೋವಾಯ್ತು," ಎಂದಳು ಸೊಸೆ. "ನಿಮಗೆ ಈ ಮಗು ಬೇಡವೇನೋ ಅಂತ. ಒಂದು ವಾರ ಅತ್ತಿದ್ದೀನಿ. ಆಮೇಲೆ ನನಗೇ ಅನ್ನಿಸ್ತು, ನಾನು ಅಲ್ಲಿಗೆ ಯಾಕೆ ಹೋದೆ? ನಾನೂ ನಿಮ್ಮನ್ನ ಕೇಳಲಿಲ್ಲವಲ್ಲ. ಕೇಳಿದ್ರೆ ನೀವು ಆಗಲ್ಲ ಅನ್ನೋಕೆ ಆಗದೆ ಆಗಲಿ ಅಂದುಬಿಡ್ತೀರಿ ಅಂತ ಭಯ ಇತ್ತು."

ಬಲೂನಕ್ಕ ಸೊಸೆಯ ಹತ್ತಿರ ಸರಿದು ಕೂತಳು. ಆಮೇಲೆ ಹೇಳಿದಳು. ರಟ್ಟಿನ ಪೆಟ್ಟಿಗೆ, ಹನ್ನೊಂದು ದಿನ, ನಕಲು ಮಾಡಿದ ಮಳೆ, ಕಾಣದ ಬೆಟ್ಟ, ಎಲ್ಲ. ನಿನಗೆ ಹಾಗೆ ಆಗಬಾರದು, ನನಗೇ ನಾಳೆ ಜ್ವರ ಬಂದರೆ, ಸೊಂಟ ಹಿಡಿದರೆ, ನಿನ್ನ ಕೆಲಸ ಹೋಗಬಾರದು ಅಂತ ಓಡಿದೆ ಎಂದಳು. ಕಡೆಗೆ ಇನ್ನೊಂದು ಮಾತು ಉಳಿಯಿತು.

"ನಗಬೇಡ ಕಣೇ. ನನಗೆ ಬೆಳಗಿನ ಹೊತ್ತು ಮನೇಲಿ ಸುಮ್ನೆ ಕೂರಬೇಕು ಅಂತ ಆಸೆ. ಏನೂ ಮಾಡದೆ. ಬಿಸಿಲು ಹೇಗೆ ಬರತ್ತೆ ಅಂತ ನೋಡ್ತಾ. ಮಧ್ಯಾಹ್ನ ಆದಮೇಲೆ ನನ್ನನ್ನ ಪೂರ್ತಿ ಮೊಮ್ಮಗೂಗೆ ಕೊಟ್ಟುಬಿಡ್ತೀನಿ."

ಸೊಸೆ ನಗಲಿಲ್ಲ. "ಬಿಸಿಲು ಮೊದಲು ಬರೋದು ಪಾತ್ರೆ ಗೂಡಿಗೆ ಅತ್ತೆ," ಎಂದಳು ಮೆಲ್ಲಗೆ. "ಅಲ್ಲಿಂದ ನಿಮ್ಮ ಕೋಣೆ ಬಾಗಿಲಿಗೆ. ಎಂಟೂವರೆಗೆ ನಿಮ್ಮ ಖಾಲಿ ಹಾಸಿಗೆ ಮೇಲೆ ಇರತ್ತೆ. ನಾನು ದಿನಾ ನೋಡ್ತೀನಿ."

ಆಗ ಬಲೂನಕ್ಕನಿಗೆ ಕಣ್ಣು ತುಂಬಿತು. ಮೇಲೆ ಬಲೂನು ಸಾಸಿವೆ ಕಾಳಿನಷ್ಟಾಗಿ, ಇದೆಯೋ ಇಲ್ಲವೋ ಎನ್ನುವಂತೆ ಹೊಳೆದು, ಮಾಯವಾಯಿತು.

ಇನ್ನು ಉಳಿದವನು ಮಗ. ಅಂದು ಸಂಜೆ ವಿಷಯ ತಿಳಿದಾಗ ಅವನ ಮುಖ ಕಪ್ಪಿಟ್ಟಿತು. ಅಮ್ಮ ಮನೆಯಲ್ಲಿರುವಾಗ ಕೂಸನ್ನು ಕಂಡವರ ಕೈಗೆ ಕೊಡುವುದೇ ಎಂದ. ನೆಂಟರು ಏನಂದಾರು ಎಂದ. ಹೆಂಡತಿ ಏನೋ ಹೇಳಹೊರಟಾಗ ಬಲೂನಕ್ಕ ಅವಳನ್ನು ತಡೆದು, ಬೆಳಗ್ಗೆ ಹೇಳಿದ್ದನ್ನೇ ಮಗನಿಗೂ ಹೇಳಿದಳು, ಇನ್ನಷ್ಟು ಚುಟುಕಾಗಿ.

"ನನ್ನನ್ನ ರಟ್ಟಿನ ಪೆಟ್ಟಿಗೇಲಿ ಇಟ್ಟಿದ್ಯಾ?" ಎಂದ ಕೊನೆಗೆ.

"ಹತ್ತಿ ಹಾಸಿದ್ದೆ," ಎಂದಳು ಅಮ್ಮ.

ಅವನು ಎದ್ದು ಹೊರಗೆ ಹೋದ. ಒಂದು ಗಂಟೆ ಬಿಟ್ಟು ಬಂದವನು ಅಮ್ಮನ ಪಕ್ಕ ಕೂತು, ಆ ಬೆಟ್ಟಕ್ಕೆ ಎಷ್ಟು ದೂರ ಎಂದು ಕೇಳಿದ. ಮರುದಿನ ಅರ್ಧ ದಿನ ರಜೆ ಹಾಕಿ ಹೆಂಡತಿಯ ಜೊತೆ ಶಿಶುವಿಹಾರಕ್ಕೆ ಹೋದ. ಸಹಿ ಮಾಡುವ ಮುಂಚೆ ಗೇಟಿನ ಚಿಲಕ ಹಾಕಿ ತೆಗೆದು ನೋಡಿದ, ಬಾಗಿಲುಗಳ ಸಂದಿಯಲ್ಲಿ ಬೆರಳು ತೂರಿಸಿ ನೋಡಿದ, ಕಿಟಕಿಯ ಕಂಬಿ ಅಲ್ಲಾಡಿಸಿದ. ಇಲ್ಲಿ ಲಿಫ್ಟ್ ಇಲ್ಲ, ಬೇಕಾದರೆ ನನ್ನನ್ನೂ ಅಲ್ಲಾಡಿಸಿ ನೋಡಿ ಎಂದರಂತೆ ಟೀಚರಮ್ಮ. ಅವನು ಹೊರಡುವ ಮುನ್ನ ಕೀರಲು ಸದ್ದು ಮಾಡುತ್ತಿದ್ದ ಒಂದು ಬಾಗಿಲಿಗೆ ಎಣ್ಣೆ ಹಾಕಿಕೊಟ್ಟು ಬಂದ.

ಹೆಣ್ಣು ಮಗು, ದಿನ ತುಂಬಲು ಒಂದು ವಾರವಿರುವಾಗಲೇ ಹುಟ್ಟಿತು. ಬಲೂನಕ್ಕನ ನಿವೃತ್ತಿಗೆ ಇನ್ನೂ ಹತ್ತು ದಿನವಿತ್ತು. ಆ ಹತ್ತು ಬೆಳಗೂ ಆಕೆ ಹೋಗಿ ಬಲೂನು ಬಿಟ್ಟಳು. ಕೊನೆಯ ದಿನ ಜೊತೆಯವರು ದಾರದ ತುದಿಯ ಡಬ್ಬಿಯ ಮೇಲೆ ಆಕೆಯ ಅಡ್ಡಹೆಸರು ಬರೆದು ಕಳಿಸಿದರು. ಅದು ಎಲ್ಲಿ ಬಿತ್ತೋ, ಯಾರೂ ತಂದುಕೊಡಲಿಲ್ಲ. ಸೊಸೆಯ ರಜೆ ಮುಗಿಯುವವರೆಗೆ ಮನೆಯಲ್ಲಿ ರಾತ್ರಿ ಹಗಲೆಂಬ ಭೇದವೇ ಇರಲಿಲ್ಲ. ಮೂವರೂ ಒಂದೊಂದು ಸಲ ಮಂಪರಿನಲ್ಲಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತ ಓಡಾಡಿದರು. ಏಳನೆಯ ತಿಂಗಳು ಬಂತು. ಟೀಚರಮ್ಮ ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು, ಹೀಗೆ ಮಗುವಿಗೆ ರೂಢಿ ಮಾಡಿಸಿದರು. ಮಗು ಎರಡು ದಿನ ಅತ್ತಿತು, ಸೊಸೆ ಹತ್ತು ದಿನ ಅತ್ತಳು. ಆ ಗಡಿಬಿಡಿಯಲ್ಲಿ ಯಾರೋ ಮುದುಕರ ಸೆಟ್ಟಿಗೆ ಕೆಳಗಿನ ಹಲ್ಲನ್ನು ಮೇಲೆ ಕೂರಿಸಿ ಯಜಮಾನರಿಂದ ಬೈಸಿಕೊಂಡಳು.

ಬಲೂನಕ್ಕನ ಮೊದಲ ಸ್ವಂತ ಬೆಳಗು ಒಂದು ಬುಧವಾರ ಬಂತು. ಮನೆ ಖಾಲಿ. ಆಕೆ ಅಡಿಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತು ಪಾತ್ರೆ ಗೂಡನ್ನೇ ನೋಡಿದಳು. ಬಿಸಿಲು ಒಂದು ಸ್ಟೀಲ್ ಲೋಟದ ಅಂಚಿಗೆ ಬಂದು, ಹಾಗೇ ಉಳಿದ ಲೋಟಗಳಿಗೂ ಹಬ್ಬಿತು. ಕೆಳಗೆ ಬೀದಿಯಲ್ಲಿ ಸೈಕಲ್ ಗಂಟೆ, ಅಂಗಡಿಯ ಕದ ಮೇಲೇಳುವ ಸದ್ದು, ಯಾರದೋ ಜಗಳ. ಎಷ್ಟು ಹೊತ್ತು ಕೂತಿದ್ದಳೋ, ಎದ್ದಾಗ ಕಾಲು ಜೋಮು ಹಿಡಿದಿತ್ತು. ಮಧ್ಯಾಹ್ನ ಎರಡಾಗುವ ಹೊತ್ತಿಗೆ ಆಕೆಗೆ ಗಡಿಯಾರ ನೋಡುವುದೇ ಕೆಲಸವಾಯಿತು. ಮೂರಕ್ಕೆ ಕರೆತರಬೇಕಾದ ಮಗುವನ್ನು ಕರೆತರಲು ಎರಡೂಕಾಲಿಗೇ ಗೇಟಿನ ಬಳಿ ನಿಂತಿದ್ದಳು.

ಈಗ ಆ ಮಗುವಿಗೆ ಎರಡೂವರೆ ವರ್ಷ. ಮೂರು ಗಂಟೆಗೆ ಅಜ್ಜಿ ಹೋದರೆ ಅವಳು ಬರಲು ಒಪ್ಪುವುದಿಲ್ಲ. ಮರಳಿನಲ್ಲಿ ಅವಳ ಕೆಲಸ ಬಾಕಿಯಿರುತ್ತದೆ. ತಲೆ ಎತ್ತದೆಯೇ, "ಅಜ್ಜಿ, ಕೂತ್ಕೋ," ಎನ್ನುತ್ತಾಳೆ. ಅಲ್ಲಿರುವುದೆಲ್ಲ ಮೊಣಕಾಲೆತ್ತರ ಮುಟ್ಟದ ಕುರ್ಚಿಗಳು. ಬಲೂನಕ್ಕ ಮೆಲ್ಲನೆ ಅದರಲ್ಲೊಂದರ ಮೇಲೆ ಕುಕ್ಕರಿಸಿ, ಮಂಡಿ ಗಲ್ಲಕ್ಕೆ ತಾಗಿಸಿಕೊಂಡು, ಪಕ್ಕದ ಮಗು ಕೊಟ್ಟ ಖಾಲಿ ಲೋಟದಿಂದ ಟೀ ಕುಡಿಯುತ್ತ, ಮೊಮ್ಮಗಳ ಕೆಲಸ ಮುಗಿಯುವುದನ್ನು ಕಾಯುತ್ತಾಳೆ.